ಅಪ್ಪಯ್ಯನಿಗೆ ಸಾಹಿತ್ಯ ಕೇಳಿಸಬೇಕಿತ್ತು

‘ದನಿ ಕೇಳ್ತದೆ ತಮಾ, ಸಾಹಿತ್ಯ ತಿಳಿಯೋದಿಲ್ಲ.’

ಕೊಚ್ಚಿಯ ಕಾಕ್ಕನಾಡಿನಲ್ಲಿರುವ ನಮ್ಮ ಬಾಡಿಗೆ ಫ್ಲ್ಯಾಟಿಗೆ ಬಂದ ಎರಡನೇ ವಾರ ಅಪ್ಪಯ್ಯ ಹೇಳಿದ ಮಾತಿದು. ಟಿವಿಯ ಕೆಳಗಿದ್ದ ಸೌಂಡ್‌ಬಾರಿನಲ್ಲಿ ಭೀಮಸೇನ ಜೋಶಿಯವರ ದಾಸರ ಪದ ಹಾಕಿದ್ದೆ. ಅರ್ಧಕ್ಕೇ ಎದ್ದು ಬಾಲ್ಕನಿಗೆ ಹೋಗಿ ಕೂತರು. ತುಲಾವರ್ಷದ ಮೋಡ ಕಟ್ಟಿತ್ತು, ದೂರದಲ್ಲಿ ಮಿಂಚುತ್ತಿತ್ತು. ನಾನು ಎದ್ದು ಪ್ಲಗ್ ಕಿತ್ತೆ. ಅದನ್ನು ಮತ್ತೆ ಹಾಕು ಎಂದು ಅವರು ಆಮೇಲೆ ಕೇಳಲೇ ಇಲ್ಲ.

ಅಮ್ಮ ತೀರಿಕೊಂಡು ಆಗ ನಾಲ್ಕು ತಿಂಗಳು. ಸಾಗರದ ಹತ್ತಿರದ ಹಳ್ಳಿಮನೆಯಲ್ಲಿ ಒಬ್ಬರೇ ಇರುವುದು ಬೇಡವೆಂದು ಒತ್ತಾಯ ಮಾಡಿ ಕರೆತಂದಿದ್ದೆವು. ಇಲ್ಲಿ ಅವರಿಗೆ ಭಾಷೆ ಬರುವುದಿಲ್ಲ. ನಾವಿಬ್ಬರೂ ಇನ್ಫೋಪಾರ್ಕಿಗೆ, ಮಗಳು ಶಾಲೆಗೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಅವರ ಜೊತೆಗಿರಬೇಕಾದದ್ದು ಹಾಡು. ನಲವತ್ತು ವರ್ಷ ಆಕಾಶವಾಣಿ ಕೇಳಿದ ಮೇಷ್ಟ್ರು ಅವರು. ಅದನ್ನೂ ನಿಲ್ಲಿಸಿದರೆಂದರೆ ಮನೆಯಲ್ಲಿ ಉಳಿಯುವುದು ಫ್ಯಾನಿನ ಸದ್ದು ಮಾತ್ರ.

ಹೀಗಾಗಿ, ವರ್ಷಗಳಿಂದ ‘ಒಂದು ಒಳ್ಳೆಯ ಸ್ಪೀಕರ್ ತೆಗೆದುಕೊಳ್ಳಬೇಕು’ ಎಂದು ಮುಂದೂಡುತ್ತಿದ್ದ ಕೆಲಸ ಒಮ್ಮೆಲೇ ತುರ್ತಾಯಿತು. ಅದರಲ್ಲಿ ನಾನು ಮಾಡಿದ ತಪ್ಪು, ಕಲಿತ ಪಾಠ ನಮ್ಮಂತೆ ಊರು ಬಿಟ್ಟು ಬಾಡಿಗೆ ಮನೆಗಳಲ್ಲಿರುವ ಇತರರಿಗೂ ಉಪಯೋಗವಾಗಬಹುದೆಂದು ಬರೆಯುತ್ತಿದ್ದೇನೆ.

ಮೊದಲು ಕಿವಿ, ಆಮೇಲೆ ಸ್ಪೀಕರ್

ಕೇರಳಕ್ಕೆ ಬಂದ ಹೊಸದರಲ್ಲಿ ಆರು ವರ್ಷ ತಿರುವನಂತಪುರದ ಟೆಕ್ನೋಪಾರ್ಕಿನಲ್ಲಿದ್ದೆ. ಅಲ್ಲಿ ಸಿಕ್ಕ ಪುತ್ತೂರಿನ ಗೆಳೆಯನೊಬ್ಬ ಈಗಲೂ ಕಳಕ್ಕೂಟ್ಟಂನಲ್ಲೇ ಇದ್ದಾನೆ. ಬಿಡುವಿದ್ದಾಗ ಆಂಪ್ಲಿಫೈಯರ್, ಸ್ಪೀಕರ್ ಕಟ್ಟುವುದು ಅವನ ಹುಚ್ಚು. ಅವನಿಗೆ ಫೋನ್ ಮಾಡಿದೆ. ಯಾವ ಕಂಪನಿ, ಎಷ್ಟು ಬೆಲೆ ಎಂದು ಹೇಳುತ್ತಾನೆ ಅಂದುಕೊಂಡಿದ್ದೆ. ‘ಎಂತ ಮಾರಾಯ, ಮೊದಲು ಅವರ ಕಿವಿ ತೋರಿಸು. ಸ್ಪೀಕರ್ ಎಲ್ಲಿಗೂ ಓಡಿಹೋಗುದಿಲ್ಲ’ ಅಂದ.

ತೋರಿಸಿದೆವು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯ ಹೆಸರು ನಮ್ಮಲ್ಲಿ ಬಹಳ ಜನರಿಗೆ ಗೊತ್ತು. ಕೇರಳದಲ್ಲೂ ತಿರುವನಂತಪುರದ ಆಕ್ಕುಳಂನಲ್ಲಿ ‘ನಿಶ್’ ಎಂಬ ವಾಕ್ ಶ್ರವಣ ಸಂಸ್ಥೆಯಿದೆ. ನಾವು ಹತ್ತಿರದ ಕ್ಲಿನಿಕ್ಕಿಗೇ ಹೋದೆವು. ಅರ್ಧ ಗಂಟೆಯ ಪರೀಕ್ಷೆ. ಕೈಗೆ ಬಂದ ಆಡಿಯೋಗ್ರಾಮಿನಲ್ಲಿ ಗೆರೆ ಎಡದಿಂದ ಬಲಕ್ಕೆ ಒಂದಷ್ಟು ದೂರ ಸಮವಾಗಿ ಬಂದು, 3,000 ಹರ್ಟ್ಸ್ ದಾಟಿದ ಮೇಲೆ ಘಟ್ಟ ಇಳಿದ ಹಾಗೆ ಇಳಿದಿತ್ತು. ಎಪ್ಪತ್ತು ದಾಟಿದವರಲ್ಲಿ ಇದು ಸಾಮಾನ್ಯ, ಯಂತ್ರ ಸದ್ಯಕ್ಕೆ ಬೇಡ, ವರ್ಷಕ್ಕೊಮ್ಮೆ ನೋಡೋಣ ಎಂದರು.

ಅಪ್ಪಯ್ಯನ ಮಾತಿನ ಅರ್ಥ ಆಗ ಹೊಳೆಯಿತು. ಹಾಡಿನಲ್ಲಿ ಅ, ಆ, ಓ ಎಂಬ ಸ್ವರಗಳ ಶಕ್ತಿಯೆಲ್ಲ ಕೆಳಗಿನ ಕಂಪನಗಳಲ್ಲಿರುತ್ತದೆ. ಸ, ಶ, ತ, ಕ, ಚ ಮುಂತಾದ ವ್ಯಂಜನಗಳ ಗುರುತು ಹೆಚ್ಚಾಗಿ 2,000 ಹರ್ಟ್ಸ್‌ನಿಂದ ಮೇಲೆ. ಕೆಳಗಿನದು ಕೇಳಿ, ಮೇಲಿನದು ಮಸುಕಾದರೆ ದನಿ ಇರುತ್ತದೆ, ಶಬ್ದ ಬಿಡಿಸಿ ತಿಳಿಯುವುದಿಲ್ಲ. ವಾಲ್ಯೂಮ್ ಏರಿಸಿದರೆ ಎರಡೂ ಒಟ್ಟಿಗೇ ಏರುತ್ತವೆ. ಅದರ ಮೇಲೆ ಬಾಸ್ ಗುಮ್ಮೆಂದರೆ ಅದು ಮೇಲಿನ ಸಣ್ಣ ಸದ್ದುಗಳನ್ನು ಇನ್ನಷ್ಟು ಮುಚ್ಚುತ್ತದೆ. ಟಿವಿಯಲ್ಲಿ ಸಿನಿಮಾದ ಗುಡುಗು ಸಿಡಿಲಿಗೆಂದು ತಂದ ನನ್ನ ಸೌಂಡ್‌ಬಾರ್ ಮಾಡುತ್ತಿದ್ದದ್ದು ಅದನ್ನೇ.

ನಮಗೆ ಬೇಕಾದದ್ದು ದೊಡ್ಡ ಸದ್ದಲ್ಲ, ಮನುಷ್ಯರ ದನಿಯನ್ನು ಬಿಡಿಸಿ ಹೇಳುವ ಪೆಟ್ಟಿಗೆ ಎಂಬುದು ಅಲ್ಲಿಗೆ ಖಾತ್ರಿಯಾಯಿತು.

ಅಟ್ಟದ ಮೇಲಿನ ಪುಡಿ

ಹಾಗೆ ನೋಡಿದರೆ ನನ್ನ ಬಳಿ ಹಳೆಯ ಒಂದು ಜೋಡಿ ಇತ್ತು. ಮದುವೆಗೆ ಮುಂಚೆ ಬೆಂಗಳೂರಿನಲ್ಲಿ ಕೊಂಡದ್ದು. ಅಟ್ಟದಿಂದ ಇಳಿಸಿ ಬಲೆ ತೆಗೆದು ನೋಡಿದರೆ, ಕೋನಿನ ಸುತ್ತ ಇರುವ ಸ್ಪಂಜಿನ ಅಂಚು ಬೆರಳು ತಾಗಿದಲ್ಲೆಲ್ಲ ಹಳೆಯ ಹಪ್ಪಳದ ಹಾಗೆ ಉದುರಿತು.

ಇದು ಕರಾವಳಿಯ ಗಾಳಿ ಮಾಡುವ ಕೆಲಸ. ಆ ಅಂಚು ಪಾಲಿಯುರೆಥೇನ್ ಫೋಮಿನದು. ತೇವ ಮತ್ತು ಸೆಕೆ ಸೇರಿದರೆ ಅದು ಬಳಸದೆ ಇಟ್ಟರೂ ಕೊಳೆಯುತ್ತದೆ. ರಬ್ಬರ್ ಅಂಚು ಬಹಳ ಕಾಲ ಬಾಳುತ್ತದೆ. ಕೊಚ್ಚಿ, ಮಂಗಳೂರು, ಮುಂಬೈ, ಚೆನ್ನೈ, ಹೀಗೆ ಸಮುದ್ರದ ಬದಿಯ ಯಾವ ಊರಿನಲ್ಲಿದ್ದರೂ ಸ್ಪೀಕರ್ ನೋಡುವಾಗ ಮೊದಲು ಕೇಳಬೇಕಾದ ಪ್ರಶ್ನೆ ‘ಎಷ್ಟು ವ್ಯಾಟ್’ ಅಲ್ಲ, ‘ಅಂಚು ಯಾವುದರದ್ದು’. ಉಳಿದದ್ದೆಲ್ಲ ಚೆನ್ನಾಗಿದ್ದರೆ ಅಂಚನ್ನು ಮಾತ್ರ ಬದಲಿಸಿಕೊಳ್ಳಲೂಬಹುದು. ನನ್ನದರಲ್ಲಿ ಪೆಟ್ಟಿಗೆಯ ಎಂಡಿಎಫ್ ಹಲಗೆಯೂ ನೀರು ಕುಡಿದು ಉಬ್ಬಿತ್ತು. ಗುಜರಿಗೆ ಹೋಯಿತು.

ಹನ್ನೊಂದು ಸಾವಿರದ ಪಾಠ

ಆಗ ಮಾಡಿದ್ದು ದೊಡ್ಡ ತಪ್ಪು. ರಿಯಾಯಿತಿ ಮಾರಾಟದಲ್ಲಿ ನೆಲದ ಮೇಲೆ ನಿಲ್ಲುವ, ಸೊಂಟದೆತ್ತರದ ಒಂದು ಜೋಡಿಯನ್ನು ಮನೆಯಲ್ಲಿ ಕೇಳಿ ನೋಡದೆ ಕೊಂಡೆ. ಅಂಗಡಿಯ ದೊಡ್ಡ ಕೋಣೆಯಲ್ಲಿ ಅದು ಗಂಧರ್ವಗಾನವೇ. ನಮ್ಮ ಮನೆಗೆ ತಂದು ಹಚ್ಚಿದರೆ ಮೃದಂಗದ ಎಡಬದಿಯ ಪ್ರತಿ ಪೆಟ್ಟೂ ಖಾಲಿ ಡ್ರಮ್ಮಿನೊಳಗೆ ಗುದ್ದಿದ ಹಾಗೆ. ‘ರೀ, ಕೆಳಗಿನ ಮನೆಯವರು ಬಂದಿದ್ದಾರೆ’ ಎಂದು ಹೆಂಡತಿ ಬಾಗಿಲ ಬಳಿಯಿಂದ ಕರೆದಳು.

ಕಾರಣ ಸ್ಪೀಕರ್ ಅಲ್ಲ, ಕೋಣೆ. ನಮ್ಮ ಹಾಲ್ 13 ಅಡಿ ಉದ್ದ, 11 ಅಡಿ ಅಗಲ. ಎದುರುಬದುರು ಗೋಡೆಗಳ ನಡುವೆ ಶಬ್ದ ಹೋಗಿ ಬಂದು ತನ್ನ ಮೇಲೇ ತಾನು ಸೇರಿಕೊಳ್ಳುವ ಕೆಲವು ಕಂಪನಗಳಿರುತ್ತವೆ. ಅದನ್ನು ಕಂಡುಕೊಳ್ಳಲು ಶಬ್ದದ ವೇಗ, ಅಂದರೆ ಸೆಕೆಂಡಿಗೆ ಸುಮಾರು 345 ಮೀಟರನ್ನು, ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿದರೆ ಸಾಕು. ನಮ್ಮ ಹಾಲಿಗೆ 43 ಮತ್ತು 51 ಹರ್ಟ್ಸ್ ಆಸುಪಾಸು ಬರುತ್ತದೆ. ನಾನು ತಂದ ದೊಡ್ಡ ಸ್ಪೀಕರ್ ಸರಿಯಾಗಿ ಅಲ್ಲೇ ಶಕ್ತಿ ತುಂಬುತ್ತಿತ್ತು. ಕಾಂಕ್ರೀಟ್ ಗೋಡೆ, ವಿಟ್ರಿಫೈಡ್ ಟೈಲ್ಸ್ ನೆಲ ಬೇರೆ. ಸದ್ದನ್ನು ಹೀರುವ ವಸ್ತುವೇ ಇಲ್ಲ.

ಅಷ್ಟು ಕೆಳಗಿನ ಬಾಸ್ ನಮಗೆ ಬೇಕೇ? ಒಂದು ಕಟ್ಟೆ ಶ್ರುತಿಗೆ ಹಾಡುವ ಗಾಯಕರ ತಂಬೂರಿಯಲ್ಲಿ ಮಂದ್ರ ಷಡ್ಜದ ತಂತಿ ಮಿಡಿಯುವುದು ಸುಮಾರು 65 ಹರ್ಟ್ಸ್‌ನಲ್ಲಿ. ದಾಸರ ಪದ, ವಚನ, ಭಾವಗೀತೆ, ಹಳೆಯ ಚಿತ್ರಗೀತೆ, ವೀಣೆ, ಕೊಳಲು ಯಾವುದಕ್ಕೂ ಅದಕ್ಕಿಂತ ಕೆಳಗೆ ಹೆಚ್ಚಿನ ಕೆಲಸವಿಲ್ಲ. 60 ಹರ್ಟ್ಸ್‌ವರೆಗೆ ಸರಿಯಾಗಿ ಇಳಿಯುವ ಸಣ್ಣ ಪೆಟ್ಟಿಗೆ ಸಣ್ಣ ಕೋಣೆಗೆ ಸಾಕು. ಇದನ್ನು ಮೊದಲೇ ಲೆಕ್ಕ ಹಾಕಿದ್ದರೆ ಆ ಜೋಡಿಯನ್ನು ಹನ್ನೊಂದು ಸಾವಿರ ನಷ್ಟಕ್ಕೆ ಬೇರೆಯವರಿಗೆ ದಾಟಿಸುವ ಕರ್ಮ ಬರುತ್ತಿರಲಿಲ್ಲ.

ವ್ಯಾಟ್ ಬಗ್ಗೆಯೂ ಒಂದು ಮಾತು. ಅಗ್ಗದ ಸೆಟ್ಟುಗಳ ಡಬ್ಬದ ಮೇಲೆ ಪಿ.ಎಂ.ಪಿ.ಒ. ಎಂದು ಬರೆಯುವ ಸಾವಿರಗಟ್ಟಲೆ ವ್ಯಾಟಿಗೆ ಅರ್ಥವೇ ಇಲ್ಲ. ಆರ್‌.ಎಂ.ಎಸ್. ಎಂದು ಬರೆದದ್ದನ್ನು ನೋಡಿ. ಅದಕ್ಕಿಂತ ಮುಖ್ಯ ಸ್ಪೀಕರಿನ ಸೆನ್ಸಿಟಿವಿಟಿ. ಅದು 3 ಡೆಸಿಬೆಲ್ ಕಡಿಮೆಯಾದರೆ ಅಷ್ಟೇ ಸದ್ದಿಗೆ ಆಂಪ್ಲಿಫೈಯರ್ ಎರಡರಷ್ಟು ಶಕ್ತಿ ಕೊಡಬೇಕು. 6 ಡೆಸಿಬೆಲ್ ಕಡಿಮೆಯಾದರೆ ನಾಲ್ಕರಷ್ಟು. ಹಾಗಿದ್ದರೂ, ಎಂಟು ಅಡಿ ದೂರ ಕೂತು ಹದವಾಗಿ ಕೇಳುವ ಮನೆಗೆ ಸರಾಸರಿ ಬೇಕಾಗುವುದು ಒಂದು ವ್ಯಾಟಿನ ಆಸುಪಾಸು. ಉಳಿದದ್ದು ತಬಲಾ ಪೆಟ್ಟು, ಮೇಲಿನ ಷಡ್ಜದಂಥ ಕ್ಷಣಗಳಿಗೆ. ನನ್ನ ಹಳೆಯ 40 ವ್ಯಾಟಿನ ಆಂಪ್ಲಿಫೈಯರ್ ಧಾರಾಳವಾಯಿತು. ಅದನ್ನು ಬದಲಿಸಲಿಲ್ಲ.

ಕುದಿರಮಾಳಿಗದಿಂದ ಕಳಕ್ಕೂಟ್ಟಂಗೆ

ಜನವರಿಯಲ್ಲಿ ಅಪ್ಪಯ್ಯನನ್ನು ತಿರುವನಂತಪುರಕ್ಕೆ ಕರೆದುಕೊಂಡು ಹೋದೆ. ಪದ್ಮನಾಭಸ್ವಾಮಿ ದೇವಸ್ಥಾನದ ಪಕ್ಕದ ಕುದಿರಮಾಳಿಗ ಅರಮನೆಯ ಅಂಗಳದಲ್ಲಿ ಪ್ರತಿ ಜನವರಿ ಸ್ವಾತಿ ಸಂಗೀತೋತ್ಸವ ನಡೆಯುತ್ತದೆ. ಹಾಡುವುದೆಲ್ಲ ಸ್ವಾತಿ ತಿರುನಾಳ್ ಕೃತಿಗಳು. 1813ರಿಂದ 1846ರವರೆಗೆ, ಮೂವತ್ಮೂರೇ ವರ್ಷ ಬದುಕಿದ ಆ ರಾಜ ಸಂಸ್ಕೃತ, ಮಲಯಾಳಂ, ಹಿಂದಿಯ ಜೊತೆ ಕನ್ನಡದಲ್ಲೂ ರಚಿಸಿದ್ದಾನೆ ಎಂದು ಹೇಳಿದಾಗ ಅಪ್ಪಯ್ಯನ ಮುಖದಲ್ಲಿ ತಿಂಗಳುಗಳ ಮೇಲೆ ಸ್ವಲ್ಪ ಕುತೂಹಲ ಕಂಡೆ. ಬೆಳಗಿನ ವಂಚಿನಾಡ್ ಎಕ್ಸ್‌ಪ್ರೆಸ್ ಹಿಡಿದು ಹೋದೆವು.

ಮುಂದಿನ ಸಾಲಿನಲ್ಲಿ ಕೂತು ಕಛೇರಿ ಕೇಳಿದರು. ನಿಜವಾದ ವೀಣೆ, ನಿಜವಾದ ದನಿ ಹೇಗಿರುತ್ತದೆಂದು ಕಿವಿಗೆ ನೆನಪು ಮಾಡಿಕೊಡುವುದು ಸ್ಪೀಕರ್ ಆರಿಸುವುದಕ್ಕೆ ಎಲ್ಲಕ್ಕಿಂತ ಒಳ್ಳೆಯ ತಯಾರಿ. ರಾತ್ರಿ ಗೆಳೆಯನ ಮನೆಯಲ್ಲಿ ಉಳಿದೆವು. ಊಟವಾದ ಮೇಲೆ ಅವನು ತಾನೇ ಕಟ್ಟಿದ ಎರಡು ಸಣ್ಣ ಪೆಟ್ಟಿಗೆಗಳನ್ನು ಸ್ಟೂಲಿನ ಮೇಲಿಟ್ಟು ‘ನಿತ್ಯೋತ್ಸವ’ ಹಾಕಿದ. 1978ರಲ್ಲಿ ಬಂದ, ಕನ್ನಡ ಭಾವಗೀತೆಯ ಮೊದಲ ಧ್ವನಿಸುರುಳಿ ಎಂದು ಹೆಸರಾದದ್ದು. ನಮ್ಮ ಮನೆಯಲ್ಲಿ ಸವೆದು ಹೋಗುವಷ್ಟು ಕೇಳಿದ್ದು.

ಅಪ್ಪಯ್ಯ ಮಾತಾಡಲಿಲ್ಲ. ಎರಡನೇ ಹಾಡಿಗೆ ತುಟಿ ಅಲ್ಲಾಡುತ್ತಿತ್ತು. ಸಾಹಿತ್ಯ ಹೇಳಿಕೊಳ್ಳುತ್ತಿದ್ದರು.

‘ಇದರಲ್ಲಿ ಎಂತ ಮಂತ್ರ ಉಂಟು?’ ಎಂದು ಗೆಳೆಯನನ್ನು ಕೇಳಿದೆ. ‘ಮಂತ್ರ ಇಲ್ಲ ಮಾರಾಯ, ಲೆಕ್ಕ ಉಂಟು’ ಅಂದ.

ಲೆಕ್ಕದ ಕಥೆ

1970ರ ದಶಕದಲ್ಲಿ ಬಿಬಿಸಿಯ ಎಂಜಿನಿಯರುಗಳಿಗೆ ಒಂದು ತೊಂದರೆಯಿತ್ತು. ಹೊರಾಂಗಣ ಪ್ರಸಾರದ ವ್ಯಾನಿನೊಳಗೆ ದೊಡ್ಡ ಸ್ಪೀಕರ್ ಇಡಲು ಜಾಗವಿಲ್ಲ. ಮಾತು ಮಾತ್ರ ತಪ್ಪಿಲ್ಲದೆ ಕೇಳಬೇಕು. ಅದಕ್ಕಾಗಿ ಅವರು ಮಾಡಿದ ಎಲ್‌ಎಸ್3/5ಎ ಎಂಬ ಪೆಟ್ಟಿಗೆ ಸುಮಾರು 30 ಸೆಂಟಿಮೀಟರ್ ಎತ್ತರದ್ದು, ಐದು ಇಂಚಿನ ಒಂದು ಕೋನು, ಒಂದು ಸಣ್ಣ ಟ್ವೀಟರ್. ಬಾಸ್ ಕಡಿಮೆ, ಸದ್ದೂ ಹೆಚ್ಚು ಬರುವುದಿಲ್ಲ. ಆದರೆ ಮನುಷ್ಯರ ದನಿ ಎದುರಿಗೇ ಕೂತಂತೆ. ಇಂದಿಗೂ ಅದನ್ನು ತಯಾರಿಸುವವರಿದ್ದಾರೆ, ಕೊಳ್ಳುವವರಿದ್ದಾರೆ. ನಮ್ಮ ಸಮಸ್ಯೆಯೂ ಆ ವ್ಯಾನಿನದ್ದೇ ಅಲ್ಲವೇ?

ಪೆಟ್ಟಿಗೆಯ ಅಳತೆ ಕಣ್ಣಂದಾಜಿನಲ್ಲ. ಆಸ್ಟ್ರೇಲಿಯಾದಲ್ಲಿ ನೆವಿಲ್ ತೀಲ್ 1961ರಲ್ಲಿ, ಆಮೇಲೆ ರಿಚರ್ಡ್ ಸ್ಮಾಲ್ 1970ರ ದಶಕದ ಆರಂಭದಲ್ಲಿ, ಒಂದು ಕೋನಿನ ಗುಣಗಳನ್ನು ಕೆಲವು ಸಂಖ್ಯೆಗಳಲ್ಲಿ ಹಿಡಿದಿಟ್ಟರು. ಆ ಸಂಖ್ಯೆ ಗೊತ್ತಿದ್ದರೆ ಪೆಟ್ಟಿಗೆ ಎಷ್ಟು ಲೀಟರ್ ಇರಬೇಕು, ಬಾಸ್ ಎಲ್ಲಿಯವರೆಗೆ ಇಳಿಯುತ್ತದೆ ಎಂಬುದನ್ನು ಮರ ಕೊಯ್ಯುವ ಮೊದಲೇ ಲೆಕ್ಕ ಹಾಕಬಹುದು. ಮನೆಯಲ್ಲಿ ಕಟ್ಟುವವರಿಗೆ ದಾರಿ ತೆರೆದದ್ದು ಇದೇ.

ಇನ್ನೊಂದು ಅರ್ಧ ಕ್ರಾಸ್‌ಓವರ್. ದಪ್ಪ ದನಿಯನ್ನು ದೊಡ್ಡ ಕೋನಿಗೆ, ತೆಳುವನ್ನು ಟ್ವೀಟರಿಗೆ ಹಂಚುವ ತಂತಿಸುರುಳಿ, ಕೆಪ್ಯಾಸಿಟರ್, ರೆಸಿಸ್ಟರುಗಳ ಸಣ್ಣ ಜಾಲ ಅದು. ಎರಡು ಹಾದಿಯ ಸಣ್ಣ ಸ್ಪೀಕರುಗಳಲ್ಲಿ ಈ ಹಂಚಿಕೆ ಸಾಮಾನ್ಯವಾಗಿ 2,000ದಿಂದ 3,000 ಹರ್ಟ್ಸ್ ನಡುವೆ ಆಗುತ್ತದೆ. ವ್ಯಂಜನಗಳು ಇರುವ ಜಾಗವೂ ಅದೇ. ಅಲ್ಲಿ ಹೊಲಿಗೆ ಬಿಟ್ಟರೆ ಸಾಹಿತ್ಯ ಹೋಯಿತು. ಅದಕ್ಕೇ ಕ್ರಾಸ್‌ಓವರನ್ನು ನಾವೇ ಊಹಿಸಿ ಮಾಡಬಾರದು, ಮೈಕ್ ಇಟ್ಟು ಅಳತೆ ಮಾಡಿದವರ ವಿನ್ಯಾಸವನ್ನೇ ಹಿಡಿಯಬೇಕು.

ಅಂಥ ವಿನ್ಯಾಸಗಳನ್ನು ಜಗತ್ತಿನ ಹವ್ಯಾಸಿಗಳು ಧಾರಾಳವಾಗಿ ಹಂಚುತ್ತಾರೆ. ಅಮೆರಿಕದ ಪಾಲ್ ಕಾರ್ಮಡಿಯ ‘ಓವರ್‌ನೈಟ್ ಸೆನ್ಸೇಷನ್ಸ್’, ಡೆನ್ಮಾರ್ಕಿನ ಟ್ರೋಲ್ಸ್ ಗ್ರಾವೆಸೆನ್ ಅವರ ಹತ್ತಾರು ವಿನ್ಯಾಸಗಳು ಪ್ರಸಿದ್ಧ. ಡೇಟನ್ ಆಡಿಯೊ ಕಂಪನಿಯ ‘ಸಿ-ನೋಟ್’ ಕಿಟ್ಟಿನಲ್ಲಂತೂ ಕೊಯ್ದ ಹಲಗೆಯೂ ಸೇರಿ ಬರುತ್ತದೆ. ಆದರೆ ಅಲ್ಲಿಂದ ತರಿಸುವಾಗ ಹಲಗೆಯ ಭಾರಕ್ಕೆ ಕೊರಿಯರ್, ಅದರ ಮೇಲೆ ಕಸ್ಟಮ್ಸ್, ತೆರಿಗೆ ಎಲ್ಲ ಸೇರುತ್ತದೆ. ಡ್ರೈವರ್ ಮತ್ತು ಕ್ರಾಸ್‌ಓವರ್ ಸಾಮಾನು ಮಾತ್ರ ತರಿಸಿ, ಪೆಟ್ಟಿಗೆಯನ್ನು ಇಲ್ಲೇ ಮಾಡಿಸುವುದು ಜಾಣತನ.

ಪೆರುಂಬಾವೂರಿನ ಪ್ಲೈವುಡ್, ಆಶಾರಿಯ ಪ್ರಶ್ನೆ

ಗೆಳೆಯ ಕಟ್ಟಿದ್ದ ವಿನ್ಯಾಸವನ್ನೇ ನಾನೂ ಹಿಡಿದೆ. ಐದು ಇಂಚಿನ ರಬ್ಬರ್ ಅಂಚಿನ ಕೋನು, ಒಂದು ಇಂಚಿನ ಬಟ್ಟೆಯ ಗುಮ್ಮಟದ ಟ್ವೀಟರ್, ಸುಮಾರು ಒಂಬತ್ತು ಲೀಟರಿನ ಪೆಟ್ಟಿಗೆ. ಹಿಂಬದಿ ತೂತಿಲ್ಲ, ಪೂರ್ತಿ ಮುಚ್ಚಿದ್ದು. ಮುಚ್ಚಿದ ಪೆಟ್ಟಿಗೆಯಲ್ಲಿ ಬಾಸ್ ನಿಧಾನವಾಗಿ ಇಳಿಯುವುದರಿಂದ ಗೋಡೆಯ ಹತ್ತಿರ ಇಡಬೇಕಾದ ಸಣ್ಣ ಕೋಣೆಗೆ ಹೊಂದುತ್ತದೆ.

ಬಿಡಿಭಾಗಕ್ಕೆ ಬೆಂಗಳೂರಿನಲ್ಲಿ ಎಸ್.ಪಿ. ರಸ್ತೆ ಇದ್ದ ಹಾಗೆ ಎರ್ನಾಕುಳಂನಲ್ಲಿ ಎಂ.ಜಿ. ರಸ್ತೆಯ ಪಳ್ಳಿಮುಕ್ಕ್. ತಂತಿ, ಟರ್ಮಿನಲ್, ಸ್ಕ್ರೂ, ಸೋಲ್ಡರ್ ಎಲ್ಲ ಅಲ್ಲೇ ಸಿಕ್ಕಿತು. ಡ್ರೈವರನ್ನು ಮಾತ್ರ ಅಲ್ಲಿ ಕೊಳ್ಳಲಿಲ್ಲ. ನಾನು ವಿಚಾರಿಸಿದ ಅಂಗಡಿಗಳಲ್ಲಿ ವೂಫರ್ ಮಾರುತ್ತಿದ್ದದ್ದು ಇಂಚು ಮತ್ತು ವ್ಯಾಟಿನ ಲೆಕ್ಕದಲ್ಲಿ. ತೀಲ್-ಸ್ಮಾಲ್ ಸಂಖ್ಯೆಯಿಲ್ಲದ ಡ್ರೈವರಿಗೆ ಪೆಟ್ಟಿಗೆ ಹೊಲಿಯುವುದೆಂದರೆ ಅಳತೆ ಕೊಡದೆ ಅಂಗಿ ಹೊಲಿಸಿದ ಹಾಗೆ.

ಹಲಗೆಗೆ ದೂರ ಹೋಗಬೇಕಾಗಲಿಲ್ಲ. ಕೊಚ್ಚಿಯ ಮಗ್ಗುಲಿನ ಪೆರುಂಬಾವೂರು ಕೇರಳದ ಪ್ಲೈವುಡ್ ಊರು. 18 ಮಿಲಿಮೀಟರಿನ, ಐಎಸ್ 710 ಗುರುತಿನ ಮರೈನ್ ಪ್ಲೈವುಡ್ ತಂದೆ. ಈ ಹವೆಯಲ್ಲಿ ಎಂಡಿಎಫ್‌ಗಿಂತ ಇದೇ ವಾಸಿ. ಕೊಯ್ದು ಕೂಡಿಸಿಕೊಟ್ಟವರು ನಮ್ಮ ಬೀದಿಯ ಆಶಾರಿ. ಇಲ್ಲಿ ಬಡಗಿಗೆ ಹಾಗೆನ್ನುತ್ತಾರೆ. ಎರಡು ಪೆಟ್ಟಿಗೆ, ಒಂದೊಂದರಲ್ಲೂ ಎರಡೆರಡು ದುಂಡನೆಯ ತೂತು ಇರುವ ನಕ್ಷೆ ನೋಡಿ, ‘ಸಾರ್ ಪಾರಿವಾಳ ಸಾಕುತ್ತೀರಾ?’ ಎಂದು ಗಂಭೀರವಾಗಿ ಕೇಳಿದರು. ಆದರೆ ಕೆಲಸದಲ್ಲಿ ಅರ್ಧ ಮಿಲಿಮೀಟರ್ ತಪ್ಪಲಿಲ್ಲ. ಒಳಗೆ ಅಡ್ಡಪಟ್ಟಿ ಕೊಟ್ಟು, ಸಂದಿಗಳಿಗೆಲ್ಲ ಅಂಟು ತುಂಬಿ ಗಾಳಿ ಹೋಗದ ಹಾಗೆ ಮಾಡಿಕೊಟ್ಟರು. ಗೆಣ್ಣಿನಿಂದ ತಟ್ಟಿದರೆ ಗಟ್ಟಿ ಮರದ ಸದ್ದು. ಒಳಗೆ ತುಂಬಲು ದಿಂಬಿನ ಫೈಬರ್.

ಖರ್ಚು ಬಚ್ಚಿಡುವುದಿಲ್ಲ. ಡ್ರೈವರ್ ಮತ್ತು ಕ್ರಾಸ್‌ಓವರ್ 21 ಸಾವಿರ, ಹಲಗೆ ಮತ್ತು ಕೂಲಿ 7 ಸಾವಿರ, ಪಾಲಿಶ್, ತಂತಿ, ಸಣ್ಣಪುಟ್ಟದ್ದು 3 ಸಾವಿರ. ಒಟ್ಟು 31 ಸಾವಿರ, ಜೊತೆಗೆ ಐದು ವಾರಾಂತ್ಯ.

ಅಪ್ಪಯ್ಯ ಹಿಡಿದ ತಪ್ಪು

ಕ್ರಾಸ್‌ಓವರ್ ಬೆಸುಗೆ ಹಾಕುವಾಗ ನಕ್ಷೆಯಲ್ಲಿ ಟ್ವೀಟರಿನ ಪ್ಲಸ್ ಮೈನಸ್ ಅದಲುಬದಲಾಗಿದ್ದದ್ದು ಕಂಡಿತು. ಅಚ್ಚಿನ ತಪ್ಪಿರಬೇಕು ಎಂದು ಎರಡು ಪೆಟ್ಟಿಗೆಯಲ್ಲೂ ನಾನೇ ‘ಸರಿ’ ಮಾಡಿದೆ. ಶನಿವಾರ ಸಂಜೆ ಎಲ್ಲರನ್ನೂ ಕೂರಿಸಿ ಹಾಡು ಹಾಕಿದೆ. ನನಗೆ ಚೆನ್ನಾಗಿಯೇ ಕೇಳಿತು. ಹೆಂಡತಿಯೂ ಪರವಾಗಿಲ್ಲ ಎಂದಳು. ಅಪ್ಪಯ್ಯ ಮಾತ್ರ ತಲೆ ಅಲ್ಲಾಡಿಸಿದರು. ‘ಆ ಹುಡುಗನ ಮನೇಲಿ ಹೀಗಿರಲಿಲ್ಲ. ಹಾಡುವವರು ಇಲ್ಲಿ ಒಳಮನೆಗೆ ಹೋಗಿಬಿಟ್ಟಿದಾರೆ.’

ವಯಸ್ಸಾದ ಕಿವಿ, ಕಳಕ್ಕೂಟ್ಟಂನ ಕೋಣೆ ಬೇರೆ ಎಂದೆಲ್ಲ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ರಾತ್ರಿ ಗೆಳೆಯನಿಗೆ ವಿಷಯ ಹೇಳಿದೆ. ಒಂದು ಕ್ಷಣ ಸುಮ್ಮನಿದ್ದು, ‘ನೀನು ಟ್ವೀಟರಿನ ವಯರ್ ತಿರುಗಿಸಿದೆಯಾ?’ ಎಂದು ಕೇಳಿದ.

ಆ ಬಗೆಯ ಕ್ರಾಸ್‌ಓವರಿನಲ್ಲಿ ಹಂಚಿಕೆಯ ಜಾಗದಲ್ಲಿ ಕೋನು ಮತ್ತು ಟ್ವೀಟರ್ ಒಂದಕ್ಕೊಂದು ಎದುರುಬದುರಾಗಿ ಚಲಿಸುತ್ತವೆ. ಒಂದು ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆಯುತ್ತದೆ. ಅದಕ್ಕೇ ಟ್ವೀಟರನ್ನು ಬೇಕೆಂದೇ ತಿರುಗಿಸಿ ಜೋಡಿಸುತ್ತಾರೆ, ಆಗ ಎರಡೂ ಸೇರಿ ಒಂದಾಗುತ್ತವೆ. ನಾನು ಮಾಡಿದ ತಿದ್ದುಪಡಿಯಿಂದ ಎರಡೂ ಒಂದನ್ನೊಂದು ಅಳಿಸಿ, 2,500 ಹರ್ಟ್ಸ್ ಸುತ್ತ ದೊಡ್ಡ ಹಳ್ಳ ಬಿದ್ದಿತ್ತು. ಕಿವಿ ಚುರುಕಿರುವ ನಾವು ಅದನ್ನು ಊಹೆಯಿಂದ ತುಂಬಿಕೊಂಡಿದ್ದೆವು. ಅಪ್ಪಯ್ಯನಿಗೆ ಉಳಿದಿದ್ದ ಸ್ವಲ್ಪವೇ ಆ ಜಾಗದಲ್ಲಿತ್ತು. ಅದು ಹೋದದ್ದು ಅವರಿಗೆ ತಿಳಿಯದಿರುತ್ತದೆಯೇ?

ಭಾನುವಾರ ಬೆಳಿಗ್ಗೆ ವಯರ್ ಮತ್ತೆ ತಿರುಗಿಸಿದೆ. ಒಂದೇ ಹಾಡು ಹಾಕಿದೆ. ‘ಹಾಂ, ಹೊರಗೆ ಬಂದ್ರು’ ಎಂದರು.

ಕ್ಯಾಸೆಟ್ಟಿನ ಶ್ರುತಿ

ಮರುದಿನ ತಮ್ಮ ಚೀಲದಿಂದ ಒಂದು ಕ್ಯಾಸೆಟ್ ತೆಗೆದು ಕೈಗಿಟ್ಟರು. ಅಮ್ಮ ಹಾಡಿದ ನಾಲ್ಕು ದೇವರನಾಮ. ತೊಂಬತ್ತರ ದಶಕದಲ್ಲಿ ಸೋದರಮಾವನ ಟೂ-ಇನ್-ಒನ್‌ನಲ್ಲಿ ಅಡುಗೆಮನೆಯ ಪಕ್ಕ ಕೂತು ಮಾಡಿದ ಧ್ವನಿಮುದ್ರಣ. ಊರಿನಿಂದ ತಂದದ್ದನ್ನು ಇಷ್ಟು ದಿನ ಹೇಳಿಯೇ ಇರಲಿಲ್ಲ. ಗೆಳೆಯನ ಹತ್ತಿರ ಕಳಿಸಿ ಡಿಜಿಟಲ್ ಮಾಡಿಸಿದೆ.

ಹಾಕುವಾಗ ನನಗೆ ಒಳಗೊಳಗೇ ಅಳುಕು. ಒಳ್ಳೆಯ ಸ್ಪೀಕರ್ ಕೆಟ್ಟ ಧ್ವನಿಮುದ್ರಣಕ್ಕೆ ದಯೆ ತೋರಿಸುವುದಿಲ್ಲ. ಟೇಪಿನ ಸುಸ್ಸೆಂಬ ಸದ್ದು, ಕುಕ್ಕರಿನ ಸೀಟಿ ಎಲ್ಲ ಎದ್ದು ಬಂತು. ಅಪ್ಪಯ್ಯ ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಆಮೇಲೆ ಹೇಳಿದ್ದು ಒಂದೇ ಮಾತು. ‘ಸಾಹಿತ್ಯ ಸ್ಪಷ್ಟ ಉಂಟು. ಆದರೆ ಶ್ರುತಿ ಅವಳದ್ದಲ್ಲ. ಅವಳದ್ದು ಐದೂವರೆ. ಇದು ಆರು ಕಟ್ಟೆ.’

ಅವರ ಮಾತು ನಿಜವಾಗಿತ್ತು. ಮುದ್ರಿಸುವ ದಿನ ಸೆಲ್ ಇಳಿದು ಟೇಪ್ ನಿಧಾನ ಓಡಿರಬೇಕು. ಅದನ್ನು ಸರಿಯಾದ ವೇಗದಲ್ಲಿ ಹಾಕಿದಾಗ ದನಿ ಅರ್ಧ ಕಟ್ಟೆ ಮೇಲೇರಿ, ಅಮ್ಮ ಅವಸರದಲ್ಲಿ ಹಾಡಿದಂತೆ ಕೇಳುತ್ತಿತ್ತು. ಸ್ಪೀಕರ್ ಎಷ್ಟು ಒಳ್ಳೆಯದಾದರೂ ಮೂಲ ತಪ್ಪಿದರೆ ಅದನ್ನು ತಪ್ಪಾಗಿಯೇ ಹೇಳುತ್ತದೆ. ಕಂಪ್ಯೂಟರಿನಲ್ಲಿ ವೇಗವನ್ನು ನೂರಕ್ಕೆ ಆರರಷ್ಟು ಇಳಿಸಿದೆ. ಅದಕ್ಕೆ ಹಿಡಿದದ್ದು ಹತ್ತು ನಿಮಿಷ, ಖರ್ಚು ಸೊನ್ನೆ.

ಮತ್ತೆ ಹಾಕಿದಾಗ ಅವರು ಏನೂ ಹೇಳಲಿಲ್ಲ. ನಾನೂ ಅಡುಗೆಮನೆಗೆ ಹೋಗಿ ನಿಂತೆ.

ನೀವು ಕೊಳ್ಳುವುದಾದರೆ

ಕಿಟ್ಟೇ ಕಟ್ಟಿ ಎಂದು ನಾನು ಎಲ್ಲರಿಗೂ ಹೇಳುವುದಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಊರು ಬದಲಿಸುವವರು, ಬೆಸುಗೆ ಹಿಡಿದು ಅಭ್ಯಾಸವಿಲ್ಲದವರು, ಮುಂದೆ ಮಾರುವ ಯೋಚನೆಯಿರುವವರು ಹೆಸರಿರುವ ಕಂಪನಿಯ ಸಣ್ಣ ಬುಕ್‌ಶೆಲ್ಫ್ ಸ್ಪೀಕರನ್ನೇ ಕೊಳ್ಳಲಿ. ಕೈಯಾರೆ ಕಟ್ಟಿದ್ದಕ್ಕೆ ಮರುಮಾರಾಟದ ಬೆಲೆ ಇಲ್ಲವೆಂದೇ ಹೇಳಬೇಕು. ವಾರಂಟಿಯೂ ಇಲ್ಲ. ವೋರ್ಫ್‌ಡೇಲ್, ಕ್ಯೂ ಅಕೂಸ್ಟಿಕ್ಸ್, ಡಾಲಿ ಮುಂತಾದ ಹೊರಗಿನ ಹೆಸರುಗಳ ಜೊತೆಗೆ ಕೋಲ್ಕತ್ತದ ಸೋನೊಡೈನ್‌ನಂಥ ನಮ್ಮವರೂ ಇದ್ದಾರೆ. ಬಿಡುವು, ತಾಳ್ಮೆ, ನಂಬುವ ಬಡಗಿ ಮೂರೂ ಇದ್ದವರಿಗೆ ಕಿಟ್ ಕೊಟ್ಟ ಹಣಕ್ಕೆ ಹೆಚ್ಚು ಸಂಗೀತ ಕೊಡುತ್ತದೆ. ಕೆಟ್ಟರೆ ಬಿಚ್ಚಿ ಸರಿಮಾಡುವ ಧೈರ್ಯವನ್ನೂ ಕೊಡುತ್ತದೆ.

ಎರಡರಲ್ಲಿ ಯಾವುದಾದರೂ ಸರಿ, ಇಷ್ಟು ನೆನಪಿರಲಿ.

* ನಿಮಗೆ ಬಾಯಿಪಾಠ ಬರುವ ನಾಲ್ಕು ಹಾಡು ಫೋನಿನಲ್ಲಿ ಇಟ್ಟುಕೊಂಡೇ ಅಂಗಡಿಗೆ ಹೋಗಿ. ಅಂಗಡಿಯವರ ಡೆಮೊ ಹಾಡು ಅವರ ಸ್ಪೀಕರಿಗೆ ಹೊಂದುವಂಥದ್ದೇ ಆಗಿರುತ್ತದೆ. ನಾನು ಪಿ. ಜಯಚಂದ್ರನ್ ಅವರ ‘ಒಲವಿನ ಉಡುಗೊರೆ’ ಚಿತ್ರದ ಹಾಡು ಒಯ್ಯುತ್ತಿದ್ದೆ. ಎರ್ನಾಕುಳಂನಲ್ಲೇ ಹುಟ್ಟಿದ ಗಾಯಕ ಕನ್ನಡದಲ್ಲಿ ಹಾಡಿದ್ದು ಕೇಳಿ ಅಂಗಡಿಯ ಹುಡುಗರೂ ಕೂತು ಕೇಳುತ್ತಿದ್ದರು.
* ಎರಡನ್ನು ಹೋಲಿಸುವಾಗ ಸದ್ದು ಸಮ ಇರಲಿ. ಸ್ವಲ್ಪ ಜೋರಾಗಿರುವುದೇ ಒಳ್ಳೆಯದೆಂದು ಕಿವಿ ಮೋಸ ಹೋಗುತ್ತದೆ.
* ಸಾಧ್ಯವಾದರೆ ಮನೆಗೆ ತಂದು ಕೇಳಿ, ಆಮೇಲೆ ದುಡ್ಡು ಕೊಡಿ. ಮನೆಯ ಹಿರಿಯರನ್ನೂ ಕೂರಿಸಿ ಕೇಳಿಸಿ.
* ಎರಡು ಸ್ಪೀಕರ್ ಮತ್ತು ನೀವು ಕೂರುವ ಜಾಗ ಸಮ ತ್ರಿಕೋನವಾಗಲಿ. ಟ್ವೀಟರ್ ಕಿವಿಯ ಎತ್ತರಕ್ಕಿರಲಿ. ಮೂಲೆಗೆ ತಳ್ಳಬೇಡಿ.
* ಟೈಲ್ಸ್ ನೆಲಕ್ಕೆ ಹತ್ತಿಯ ಜಮಖಾನ, ಕಿಟಕಿಗೆ ದಪ್ಪ ಪರದೆ, ಹಿಂದಿನ ಗೋಡೆಗೆ ಪುಸ್ತಕದ ಕಪಾಟು. ಇವು ಮಾಡುವ ಉಪಕಾರವನ್ನು ದುಬಾರಿ ತಂತಿ ಮಾಡುವುದಿಲ್ಲ.
* ಮಳೆಗಾಲದಲ್ಲಿ ವಾರಕ್ಕೆರಡು ಸಲವಾದರೂ ಹಚ್ಚಿ. ಮಿಂಚು ಕಂಡರೆ ಪ್ಲಗ್ ಕೀಳಿ, ಸ್ವಿಚ್ ಆರಿಸಿದರೆ ಸಾಲದು.

ಅಪ್ಪಯ್ಯ ಮಳೆಗಾಲಕ್ಕೆ ಮುಂಚೆ ಊರಿಗೆ ಹೊರಟರು. ತೋಟ ನೋಡಬೇಕಂತೆ. ಹೊರಡುವ ಹಿಂದಿನ ದಿನ ಆಶಾರಿಯನ್ನು ಕರೆಸಲು ಹೇಳಿದರು. ಯಾಕೆಂದು ಕೇಳಿದರೆ, ‘ಇನ್ನೊಂದು ಜೋಡಿ ಪಾರಿವಾಳದ ಗೂಡಿಗೆ ಎಷ್ಟಾಗ್ತದೆ ಕೇಳು’ ಎಂದರು.

ಎರಡನೇ ಜೋಡಿಯ ಹಲಗೆ ಈಗ ನಮ್ಮ ಬಾಲ್ಕನಿಯಲ್ಲಿದೆ. ಈ ಸಲ ನಕ್ಷೆಯಲ್ಲಿದ್ದ ಹಾಗೇ ವಯರ್ ಜೋಡಿಸುತ್ತೇನೆ.